ಬಾಕ್ಸ್ ಹೊತ್ತವನ ಊಟ: ಮಾಲೂರಿನಿಂದ ಮುಳಬಾಗಿಲಿಗೆ

ಸಿನಿಮಾ ಅಂದ್ರೆ ನಿಮಗೆ ಹೀರೋ, ಹೀರೋಯಿನ್, ಫೈಟು, ಹಾಡು. ನನಗೆ ಸಿನಿಮಾ ಅಂದ್ರೆ ಎರಡು ಕಬ್ಬಿಣದ ಪೆಟ್ಟಿಗೆ, ಒಂದು ಲೆಕ್ಕದ ಪುಸ್ತಕ, ಜೊತೆಗೆ ಹೊಟ್ಟೆ ತುಂಬ ಹಸಿವು! 1983ರಿಂದ ಐದು ವರ್ಷ ನಾನು ಗಾಂಧಿನಗರದ ಒಂದು ವಿತರಣಾ ಕಂಪನಿಯಲ್ಲಿ ರೆಪ್ರೆಸೆಂಟೇಟಿವ್ ಆಗಿದ್ದೆ. ಬಾಯಿ ಮಾತಲ್ಲಿ 'ರೆಪ್'. ಹೆಸರು ದೊಡ್ಡದು, ಸಂಬಳ ಚಿಕ್ಕದು. ಕೆಲಸ ಏನಪ್ಪಾ ಅಂದ್ರೆ, ಪಿಕ್ಚರ್ ಬಾಕ್ಸ್ ಜೊತೆ ಊರೂರು ಸುತ್ತೋದು, ಟೆಂಟಿನ ಬಾಗಿಲಲ್ಲಿ ನಿಂತು ತಲೆ ಎಣಿಸೋದು, ಸೆಕೆಂಡ್ ಶೋ ಬಿಟ್ಟ ಮೇಲೆ ಟಿಕೆಟ್ ಪುಸ್ತಕದ ನಂಬರ್ ನೋಡಿ ಕಲೆಕ್ಷನ್ ರಿಪೋರ್ಟ್ ಬರೆಯೋದು.

ಈಗಿನ ಹುಡುಗರಿಗೆ ಬಾಕ್ಸ್ ಅಂದ್ರೇನು ಅಂತಲೇ ಗೊತ್ತಿರಲಿಕ್ಕಿಲ್ಲ. ಆಗ ಒಂದು ಚಿತ್ರ ಅಂದರೆ ಹದಿನಾಲ್ಕೋ ಹದಿನಾರೋ ರೀಲು. ಒಂದು ರೀಲು ಸುಮಾರು ಸಾವಿರ ಅಡಿ, ಹತ್ತು ಹನ್ನೊಂದು ನಿಮಿಷದ ಆಟ. ಅಷ್ಟೂ ರೀಲನ್ನು ಪೆಟ್ಟಿಗೆಗೆ ತುಂಬಿ, ಬಸ್ಸಿನ ಟಾಪ್ ಮೇಲೋ ರೈಲಿನ ಲಗೇಜ್ ಡಬ್ಬಿಯಲ್ಲೋ ಹಾಕಿ, ಮಗುವಿನ ಹಾಗೆ ಕಾಯ್ಕೊಂಡು ಹೋಗಬೇಕು. ಅಣ್ಣಾವ್ರಾಗಲಿ, ಸಾಹಸಸಿಂಹ ಆಗಲಿ, ಆ ಪೆಟ್ಟಿಗೆಯೊಳಗೆ ಸುರುಳಿ ಸುತ್ತಿಕೊಂಡೇ ಊರು ಸೇರಬೇಕಿತ್ತು. ಈಗ ಚಿತ್ರ ಡಿಜಿಟಲ್ ಆಗಿ ಆಕಾಶದಿಂದಲೇ ಥೇಟರಿಗೆ ಇಳಿಯುತ್ತೆ. ಆಕಾಶಕ್ಕೆ ಬತ್ತಾ ಕೊಡೋ ಹಾಗಿಲ್ಲ!

ಹೌದು, ಬತ್ತಾ. ನನಗೆ ದಿನಕ್ಕೆ 12 ರೂಪಾಯಿ ಬತ್ತಾ. ಕಾಫಿ, ತಿಂಡಿ, ಊಟ, ಬೀಡಿ, ಎಲ್ಲ ಅದರಲ್ಲೇ. ಉಳಿದದ್ದು ತಿಂಗಳ ಕೊನೆಗೆ ಶಿವಮೊಗ್ಗದ ಕಡೆಯ ನಮ್ಮೂರಿಗೆ ಮನಿಯಾರ್ಡರ್. ಅಲ್ಲಿ ಅಮ್ಮ ಇದ್ದಳು, ಹೈಸ್ಕೂಲು ಓದೋ ತಂಗಿ ಇದ್ದಳು. ಹೀಗಾಗಿ ನಾನು ತಿನ್ನೋ ಒಂದೊಂದು ದೋಸೆಗೂ ತಂಗಿಯ ಒಂದೊಂದು ನೋಟ್ ಪುಸ್ತಕಕ್ಕೂ ಸದಾ ಜಗಳ.

ಅದಕ್ಕಿಂತ ಗಟ್ಟಿಯಾದ ಕಟ್ಟು ಇನ್ನೊಂದಿತ್ತು. ಕೆಲಸಕ್ಕೆ ಸೇರಿದ ದಿನವೇ ನಮ್ಮ ಹಿರಿಯ ರೆಪ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ತಮ್ಮಾ, ಥೇಟರ್‌ನೋರು ಕಾಫಿ ಕೊಟ್ರೆ ಕುಡಿ, ಪರವಾಗಿಲ್ಲ. ಊಟ ಮಾತ್ರ ಮಾಡ್ಬೇಡ. ಉಂಡ ಮನೆಗೆ ಎರಡು ಬಗೆಯೋಕಾಗಲ್ಲ. ರಾತ್ರಿ ಲೆಕ್ಕ ನೋಡೋವಾಗ ತಿಂದ ಕೋಳಿ ಹೊಟ್ಟೆಯೊಳಗೇ ಕೂಗುತ್ತೆ!"

ನನಗೆ ಕೊಟ್ಟಿದ್ದು ಕೋಲಾರದ ಲೈನು: ಮಾಲೂರು, ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು. ಕೈಯಲ್ಲಿ ಹನ್ನೆರಡು ರೂಪಾಯಿ, ತಲೆಯಲ್ಲಿ ಆ ಕೋಳಿ. ಹಾಗಿದ್ದೂ ನಾನು ನನ್ನ ಜನ್ಮದಲ್ಲಿ ಉಂಡ ಒಳ್ಳೊಳ್ಳೆ ಊಟಗಳು ಈ ನಾಲ್ಕು ಊರಿನವೇ. ಹೇಗೆ ಅಂತೀರಾ? ಬನ್ನಿ, ಒಂದೊಂದೇ ಊರಿಗೆ ಕರ್ಕೊಂಡು ಹೋಗ್ತೀನಿ.

ಹೆಂಚಿನೂರಿನ ಮುದ್ದೆ

ಬೆಂಗಳೂರಿನಿಂದ ಪ್ಯಾಸೆಂಜರ್ ರೈಲು ಹತ್ತಿದರೆ ಮೊದಲು ಸಿಗೋದು ಮಾಲೂರು. ಸ್ಟೇಷನ್ ಬರೋ ಮುಂಚೆಯೇ ಹೆಂಚಿನ ಫ್ಯಾಕ್ಟರಿಗಳ ಚಿಮಣಿ ಕಾಣೋದು. ಮಾಲೂರು ಅಂದ್ರೆ ಹೆಂಚು, ಇಟ್ಟಿಗೆ. ನೀವು ಬೆಂಗಳೂರಿನಲ್ಲಿ ಹಳೇ ಹೆಂಚಿನ ಮನೆಯ ಕೆಳಗೆ ಮಲಗಿದ್ದರೆ, ಮಾಲೂರಿನ ಮಣ್ಣೇ ನಿಮ್ಮನ್ನು ಮಳೆಯಿಂದ ಕಾಪಾಡಿದ್ದೂ ಇರಬಹುದು. ಸಾಹಿತ್ಯದ ಆಸ್ತಿಯೂ ಈ ತಾಲೂಕಿನದೇ. 1983ರ ಜ್ಞಾನಪೀಠ ಪಡೆದ ಮಾಸ್ತಿ ಇಲ್ಲಿಯವರು. ಅವರ 'ಕಾಕನಕೋಟೆ' ನಾಟಕವನ್ನು ಸಿ.ಆರ್. ಸಿಂಹ 1977ರಲ್ಲಿ ಸಿನಿಮಾ ಮಾಡಿದ್ದು ನಮ್ಮ ಹಿರಿಯ ಓದುಗರಿಗೆ ನೆನಪಿರಬೇಕು.

ಫ್ಯಾಕ್ಟರಿ ಕೂಲಿಗಳು ಉಣ್ಣೋ ಒಂದು ಹೋಟೆಲಿತ್ತು. ಬೋರ್ಡಿಲ್ಲ, ಬೆಂಚು ಎರಡೇ. ಊಟಕ್ಕೆ ಎರಡೂವರೆ ರೂಪಾಯಿ. ಮೈಯೆಲ್ಲ ಕೆಂಪು ಮಣ್ಣಾದ ಜನ ಬಂದು ಕೂತು, ಮುದ್ದೆ ಮುಗಿಸಿ, ಎದ್ದು ಹೋಗ್ತಾ ಇದ್ದರು. ನಾನು ಅನ್ನ ತಿಂದು ಬೆಳೆದ ಮಲೆನಾಡಿನವ. ಹೊಸಬ ಅಂತ ಮುಖ ನೋಡಿದ ಕೂಡಲೇ ಗೊತ್ತಾಯ್ತೋ ಏನೋ, ತಟ್ಟೆ ಇಡ್ತಾ ಇಡ್ತಾ ಬಡಿಸೋ ಯಜಮಾನ ಹೇಳಿದ: "ಅಗೀಬೇಡಣ್ಣೋ. ಮುರಿ, ಸಾರಲ್ಲಿ ಹೊರಳಿಸು, ನುಂಗು. ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ."

ನೋಡ್ಕೊಳ್ತು ಕಣ್ರೀ! ಒಳಗಡೆ ಆ ಯಜಮಾನನ ಹೆಂಡತಿ ದೊಡ್ಡ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಕುದಿಯೋ ನೀರಿಗೆ ರಾಗಿಹಿಟ್ಟು ಹಾಕಿ, ಕೋಲಲ್ಲಿ ತಿರುವುತ್ತಿದ್ದಳು. ಯಾವ ಫೈಟ್ ಮಾಸ್ಟರಿಗೂ ಕಡಿಮೆ ಇಲ್ಲದ ತೋಳು! ಒಂದು ಗಂಟೂ ಉಳಿಯಬಾರದು. ಗಂಟು ಉಳಿದರೆ ಕೂಲಿಯವರು ತಟ್ಟೆ ತಳ್ಳಿ ಎದ್ದು ಹೋಗ್ತಾರಂತೆ.

ಮುದ್ದೆಗೆ ಬಸ್ಸಾರು. ಇದರ ಗುಟ್ಟು ಹೇಳ್ತೀನಿ ಕೇಳಿ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸ್ತಾರೆ. ನೀರನ್ನು ಬಸೀತಾರೆ. ಬಸಿದ ನೀರಿಗೆ ಖಾರ ಅರೆದು ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೇಯಿಸಾಟಕ್ಕೆ ಎರಡು ಅಡುಗೆ, ಒಂದು ಹನಿ ನೀರೂ ಚೆಲ್ಲೋ ಹಾಗಿಲ್ಲ. ವರ್ಷವಿಡೀ ಹರಿಯೋ ಒಂದು ನದಿಯೂ ಇಲ್ಲದ ಸೀಮೆ ಇದು. ಮಳೆ ನಂಬಿ, ಕೆರೆ ಕಟ್ಟಿ, ಆಮೇಲೆ ಸಾವಿರ ಅಡಿಗೂ ಮೀರಿ ಬೋರ್‌ವೆಲ್ ಕೊರೆದು ಬದುಕಿದ ಜನ. ಅಂಥವರ ಅಡುಗೆಮನೆಯಲ್ಲಿ ಬೇಯಿಸಿದ ನೀರನ್ನು ಮೋರಿಗೆ ಸುರಿಯೋದು ಅಂದ್ರೆ ಪಾಪವೇ ಸರಿ.

ಚಿನ್ನದ ಜಿಲ್ಲೆಯ ಅವರೆ

ಮಾಲೂರಿನಿಂದ ಬಂಗಾರಪೇಟೆ. ಅಲ್ಲಿಂದ ಆಗ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ದಾಟಿ ಚಿಕ್ಕಬಳ್ಳಾಪುರದವರೆಗೆ ನ್ಯಾರೋಗೇಜ್ ಹಳಿ. ಪುಟ್ಟ ರೈಲು. ಪೆಟ್ಟಿಗೆ ಹತ್ತಿಸಿದರೆ ರೈಲೇ ಒಂದು ಕಡೆಗೆ ವಾಲುತ್ತೇನೋ ಅನ್ನಿಸೋದು. ಈಗ ಅದೇ ದಾರಿಯಲ್ಲಿ ಬ್ರಾಡ್‌ಗೇಜ್ ಓಡುತ್ತೆ.

ಕೋಲಾರ ಅಂದ ಕೂಡಲೇ ನೀವು 'ಕೆ.ಜಿ.ಎಫ್.' ಅಂತೀರಿ. 2018ರಲ್ಲಿ ಪ್ರಶಾಂತ್ ನೀಲ್ ನಿರ್ದೇಶನದಲ್ಲಿ ಯಶ್ ಬಂದರು, 2022ರಲ್ಲಿ ಎರಡನೇ ಭಾಗ ಬಂತು, ಇಡೀ ದೇಶದ ಬಾಯಲ್ಲಿ ಈ ಜಿಲ್ಲೆಯ ಹೆಸರು ಕುಣಿಯಿತು. ಸಂತೋಷ. ಆದರೆ ನಿಜವಾದ ಗಣಿಗೆ 2001ರಲ್ಲೇ ಬೀಗ ಬಿತ್ತು. ಮೇಲಾಗಿ ಚಿನ್ನ ತಿನ್ನೋಕೆ ಬರಲ್ಲ. ತಿನ್ನೋ ಚಿನ್ನ ಬೇಕಾ? ಡಿಸೆಂಬರ್, ಜನವರಿಯಲ್ಲಿ ಹೋಗಿ. ಕೋಲಾರಮ್ಮನಿಗೆ ಕೈ ಮುಗಿದು, ಸೋಮೇಶ್ವರನ ಗುಡಿಯ ಕಂಬಗಳನ್ನು ನೋಡಿ, ಅಂತರಗಂಗೆಯ ಮೆಟ್ಟಿಲು ಹತ್ತಿ ಇಳಿಯಿರಿ. ಹಸಿವು ತಾನಾಗೇ ಬರುತ್ತೆ. ಆಮೇಲೆ ಬೀದಿಯಲ್ಲಿ ಮೂಗು ಎಲ್ಲಿ ಎಳೆಯುತ್ತೋ ಅಲ್ಲಿಗೆ ನಡೆಯಿರಿ. ಅದು ಅವರೆಕಾಯಿ ಸೊಗಡು!

1984ರ ಡಿಸೆಂಬರ್. ಕೋಲಾರದಲ್ಲಿ ನಮ್ಮ ಚಿತ್ರಕ್ಕೆ ಮೂರನೇ ದಿನಕ್ಕೇ ಜನ ಕಡಿಮೆ. ಪ್ರೊಜೆಕ್ಟರ್ ನಡೆಸೋ ಆಪರೇಟರ್ ಅಣ್ಣ ಮ್ಯಾಟ್ನಿಗೆ ಮುಂಚೆ ಬಂದು, "ಬಾಣ್ಣ, ನಮ್ಮಮ್ಮ ಊಟಕ್ಕೆ ಕರ್ಕೊಂಬಾ ಅಂದವ್ಳೆ" ಅಂದ. ನನ್ನ ತಲೆಯೊಳಗೆ ಹಿರಿಯರ ಕೋಳಿ ರೆಕ್ಕೆ ಬಡಿಯಿತು. ಆಪರೇಟರ್ ಅಂದ್ರೆ ಥೇಟರಿನ ಆಳು. ಅವನ ಮನೆ ಊಟ ಥೇಟರಿನ ಊಟವೇ ಅಲ್ವಾ? ಹಿಂದೆ ಮುಂದೆ ನೋಡ್ತಾ ಅವನ ಮನೆ ಬಾಗಿಲಿಗೆ ಹೋದೆ. ಒಂದೇ ಕೋಣೆ. ಮೂಲೆಯಲ್ಲಿ ಅವನಮ್ಮ ಮೊರ ಇಟ್ಟುಕೊಂಡು ಕೂತಿದ್ದಳು. ರಾತ್ರಿ ನೆನೆಹಾಕಿದ ಅವರೆಕಾಳನ್ನು ಎರಡು ಬೆರಳಿನ ನಡುವೆ ಹಿತುಕಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಮೊರದಲ್ಲಿ. ಒಂದೊಂದೇ ಕಾಳು. ನಾಲ್ಕು ಜನರ ಸಾರಿಗೆ ಎಷ್ಟು ನೂರು ಕಾಳು ಹಿತುಕಬೇಕು, ನೀವೇ ಲೆಕ್ಕ ಹಾಕಿ!

ನಾನು ಹೊಸ್ತಿಲಲ್ಲೇ ನಿಂತು ವಿಷಯ ಬಿಡಿಸಿ ಹೇಳಿದೆ. "ಅಮ್ಮಾ, ಥೇಟರ್‌ನೋರ ಊಟ ಮುಟ್ಟಬಾರದು ಅಂತ ನಮ್ಮ ಕಂಪನಿ ಕಟ್ಟು."

ಮುದುಕಿ ತಲೆ ಎತ್ತಲಿಲ್ಲ, ಕೈಯೂ ನಿಲ್ಲಿಸಲಿಲ್ಲ. "ಥೇಟರು ಸಾವ್ಕಾರಂದು ಕಣಪ್ಪ. ಅವರೆಕಾಯಿ ನನ್ನ ತವರುಮನೆ ಹೊಲದ್ದು. ಅದಕ್ಕೆ ಯಾವ ಕಟ್ಟು? ಕೂತ್ಕೋ."

ಕೂತೆ. ಹಿತಕಿದ ಬೇಳೆ ಸಾರು, ಬಿಸಿ ಮುದ್ದೆ, ಆಮೇಲೆ ಒಂದು ಹಿಡಿ ಅನ್ನ. ಹುರಿದ ಮಸಾಲೆ, ತೆಂಗಿನಕಾಯಿ, ಗಸಗಸೆ ಅರೆದ ಸಾರು. ಬೇಳೆ ನಾಲಿಗೆ ಮೇಲೆ ಇಟ್ಟರೆ ಬೆಣ್ಣೆ. ಮಾತಿಲ್ಲ, ಕತೆಯಿಲ್ಲ, ಮೂರು ಸಲ ಹಾಕಿಸ್ಕೊಂಡೆ. ಆ ರಾತ್ರಿ ಕಲೆಕ್ಷನ್ ಲೆಕ್ಕ ನೋಡುವಾಗ ಕಿವಿಗೊಟ್ಟು ಕೇಳಿದೆ. ಹೊಟ್ಟೆಯಲ್ಲಿ ಏನೂ ಕೂಗಲಿಲ್ಲ. ಟಿಕೆಟ್ ನಂಬರ್ ಹೇಗಿತ್ತೋ ಹಾಗೇ ಬರೆದೆ, ಜನ ಕಡಿಮೆ ಅಂತಲೂ ಬರೆದೆ. ಮಾರನೇ ದಿನ ಬೆಂಗಳೂರಿನಿಂದ ಪಿಕ್ಚರ್ ಎತ್ತಿ ಅಂತ ಫೋನ್ ಬಂತು. ಪೆಟ್ಟಿಗೆ ಹೊರೋಕೆ ಕೈ ಕೊಟ್ಟವನೂ ಅದೇ ಆಪರೇಟರ್ ಅಣ್ಣ. ಅವನ ಮುಖದಲ್ಲಿ ಬೇಸರವಿತ್ತು, ಕೋಪ ಇರಲಿಲ್ಲ.

ಇತ್ತೀಚೆಗೆ ಹೋಗಿದ್ದೆ. ಆಗ ಕೋಲಾರದಲ್ಲಿ 'ಬಾಕ್ಸ್ ಬಂತಾ?' ಅಂದ್ರೆ ಸಿನಿಮಾ. ಈಗ ಬಾಕ್ಸ್ ಅಂದ್ರೆ ಟೊಮೆಟೊ! ಇಲ್ಲಿನ ಎ.ಪಿ.ಎಂ.ಸಿ. ಯಾರ್ಡಿಗೆ ಬರೋ ಟೊಮೆಟೊ ದೇಶದ ಮೂಲೆಮೂಲೆಗೆ ಹೋಗುತ್ತೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಬೇರೆ ಕೆಲವು ವರ್ಷ ಅದೇ ಟೊಮೆಟೊವನ್ನು ರೈತ ರಸ್ತೆ ಪಕ್ಕಕ್ಕೆ ಸುರಿದದ್ದೂ ಉಂಟು. ಒಂದು ವಾರ ಹೌಸ್‌ಫುಲ್, ಇನ್ನೊಂದು ವಾರ ಖಾಲಿ ಕುರ್ಚಿ. ನಮ್ಮ ಗಾಂಧಿನಗರದ ಕತೆಯೇ ಅಲ್ವಾ ಇದು? ಕೆರೆಗಳಲ್ಲಿ ನೀರೂ ಕಂಡಿತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿ ಮಾಡಿ ಇಲ್ಲಿನ ಕೆರೆಗಳಿಗೆ ಹರಿಸ್ತಾ ಇದ್ದಾರೆ. ಆ ನೀರಿನ ಗುಣದ ಬಗ್ಗೆ ಊರಲ್ಲಿ ಇನ್ನೂ ವಾದ ನಡೆದೇ ಇದೆ.

ಎರಡು 'ಖೈದಿ', ಎರಡು ಮಾವು

ಕೋಲಾರದಿಂದ ಶ್ರೀನಿವಾಸಪುರ ದೂರವೇನಲ್ಲ, ಆದರೆ ಭಾಷೆ ಬದಲಾಗುತ್ತೆ. ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ತೆಲುಗಲ್ಲಿ ಉತ್ತರ, ತೆಲುಗಲ್ಲಿ ಬೈದರೆ ಕನ್ನಡದಲ್ಲಿ ನಗು. ಮುದ್ದೆ ಇಲ್ಲಿ ಸಂಗಟಿ ಆಗುತ್ತೆ. ಕನ್ನಡ ಚಿತ್ರದ ರೆಪ್‌ಗಳಿಗೆ ಇದು ಕಠಿಣ ಸೆಂಟರ್. 1983ರಲ್ಲಿ ಚಿರಂಜೀವಿಯ ತೆಲುಗು 'ಖೈದಿ' ಬಂತು. 1984ರಲ್ಲಿ ಅದೇ ಕತೆ ವಿಷ್ಣುವರ್ಧನ್ ಅವರ ಕನ್ನಡ 'ಖೈದಿ'ಯಾಗಿ ಬಂತು. ಈ ಕಡೆಯ ಹುಡುಗರು ಎರಡನ್ನೂ ನೋಡಿ, ಟೀ ಅಂಗಡಿಯಲ್ಲಿ ಕೂತು, ಯಾರ ಫೈಟು ಮೇಲು ಅಂತ ಎರಡೂ ಭಾಷೆಯಲ್ಲಿ ಜಗಳ ಆಡೋರು!

1985ರ ಮೇ ಕೊನೆ. ಈ ಭಾಗದ ಒಂದು ಟೆಂಟು, ಹೆಸರು ಬೇಡ. ನೆಲ, ಬೆಂಚು, ಕುರ್ಚಿ, ಮೂರೂ ತುಂಬಿತ್ತು. ಘಂಟಸಾಲ ಅವರ ಕಂಠದಲ್ಲಿ ತಿಮ್ಮಪ್ಪನ ಹಾಡು ಬಂತು ಅಂದ್ರೆ ಟಿಕೆಟ್ ಕೊಡೋಕೆ ಶುರು ಅಂತ ಅರ್ಥ, ಜನ ಓಡಿ ಬರೋರು. ಫಸ್ಟ್ ಶೋ ನಡೀತಾ ಇರುವಾಗ ಮಾಲೀಕರ ಕಡೆಯವನೊಬ್ಬ ನಾಲ್ಕು ಡಬ್ಬಿಯ ಕ್ಯಾರಿಯರ್ ತಂದಿಟ್ಟ. ಮುಚ್ಚಳ ತೆಗೆದರೆ ನಾಟಿಕೋಳಿ ಸಾರು! "ಸಾವ್ಕಾರ್ರು ಕಳಿಸವ್ರೆ ಸಾರ್, ಆರಾಮಾಗಿ ಊಟ ಮಾಡಿ. ಸೆಕೆಂಡ್ ಶೋ ನಾವು ನೋಡ್ಕೊತೀವಿ."

ಘಮ್ ಅನ್ನೋ ಆ ವಾಸನೆ ಇವತ್ತಿಗೂ ಮೂಗಲ್ಲಿದೆ. ಬೆಳಿಗ್ಗೆ ತಿಂದ ಎರಡು ಇಡ್ಲಿ ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇಲ್ಲ. ಆದರೂ 'ನೀವು ನೋಡ್ಕೊಳ್ಳೋದು ಏನಿದೆ?' ಅಂತ ಮನಸ್ಸು ಕೇಳಿತು. ಕ್ಯಾರಿಯರ್ ಮುಚ್ಚಿ ವಾಪಸ್ ಕೊಟ್ಟು, ನಾನೇ ಹೋಗಿ ನೆಲದ ಬಾಗಿಲಲ್ಲಿ ನಿಂತೆ. ಟಿಕೆಟ್ಟನ್ನು ಹರಿಯದೆ ತಗೊಂಡು, ಹಿಂದಿನಿಂದ ಮತ್ತೆ ಗಲ್ಲಾಕ್ಕೆ ಕಳಿಸ್ತಾ ಇದ್ದದ್ದು ಕಣ್ಣಿಗೆ ಬಿತ್ತು. ಒಂದೇ ಟಿಕೆಟ್ಟಿಗೆ ಎರಡು ಮಾರಾಟ! ಜಗಳ ಆಡಲಿಲ್ಲ. ಎಣಿಸಿದ ತಲೆ ಎಷ್ಟು, ಪುಸ್ತಕದ ನಂಬರ್ ಎಷ್ಟು, ಎರಡನ್ನೂ ರಿಪೋರ್ಟಿನಲ್ಲಿ ಬರೆದು ಸಹಿ ಹಾಕಿದೆ. ಅವರು ಮುಖ ತಿರುಗಿಸಿದರು. ಮಲಗೋಕೆ ಚಾಪೆಯೂ ಸಿಗಲಿಲ್ಲ.

ರಾತ್ರಿ ಒಂದು ಗಂಟೆ. ಹೋಟೆಲೆಲ್ಲ ಮುಚ್ಚಿವೆ. ಬೆಳಕು ಕಂಡಿದ್ದು ಮಾವಿನ ಮಂಡಿಯಲ್ಲಿ ಮಾತ್ರ. ಶ್ರೀನಿವಾಸಪುರ ಮಾವಿನ ತವರು. ಬಾದಾಮಿ, ರಸಪುರಿ, ಸೇಂದೂರ, ತೋತಾಪುರಿ, ನೀಲಂ, ಒಂದರ ಹಿಂದೆ ಒಂದು ಬರುತ್ತೆ. ಸೀಸನ್ನಿನಲ್ಲಿ ಮಂಡಿಗೆ ನಿದ್ದೆ ಇಲ್ಲ. ಲಾರಿಗೆ ಲೋಡ್ ಮಾಡಿ ಸುಸ್ತಾದ ಹಮಾಲಿಗಳು ಗೋಣಿಚೀಲದ ಮೇಲೆ ಕೂತು ಉಣ್ತಾ ಇದ್ದರು. ಅನ್ನ, ಮಾಮಿಡಿಕಾಯ ಪಪ್ಪು, ಹುರಿದ ಒಣಮೆಣಸಿನಕಾಯಿ. ಮಾವಿನಕಾಯಿ ಹುಳಿ, ತೊಗರಿಬೇಳೆ, ಬೆಳ್ಳುಳ್ಳಿ ಒಗ್ಗರಣೆ. ಅಷ್ಟೇ ಸ್ವಾಮಿ! ಅವರಲ್ಲೊಬ್ಬ ನನ್ನ ಮುಖ ನೋಡಿ, ಏನೂ ಕೇಳದೆ, ಮುತ್ತುಗದ ಎಲೆ ಹಾಕಿದ. ಗಂಟಲಲ್ಲಿ ಅನ್ನ ಇಳಿಯೋ ಸದ್ದು ನನಗೇ ಕೇಳಿಸ್ತಾ ಇತ್ತು.

ಕೈ ತೊಳೆದು ಐದು ರೂಪಾಯಿ ನೋಟು ಕೊಟ್ಟೆ. ಆತ ನೋಟನ್ನು ಮಡಚಿ ನನ್ನ ಜೇಬಿಗೇ ತುರುಕಿದ. ನಾನು ಬಿಡಲಿಲ್ಲ. "ಸುಮ್ನೆ ತಿನ್ನಲ್ಲಣ್ಣ ನಾನು. ಅದು ನನ್ನ ಕೆಲಸದ ಕಟ್ಟು." ಕೊನೆಗೆ ಎರಡು ರೂಪಾಯಿ ತಗೊಳ್ಳೋಕೆ ಒಪ್ಪಿದ. ಒಪ್ಪಿದವನೇ ಒಳಗೆ ಹೋಗಿ ಎರಡು ಬಾದಾಮಿ ಹಣ್ಣು ತಂದು ಕೈಗಿಟ್ಟ. "ಇದೇನು?" ಅಂದೆ. "ಚಿಲ್ಲರೆ!" ಅಂದ. ಸುತ್ತ ಕೂತವರೆಲ್ಲ ಗೊಳ್ಳೆಂದು ನಕ್ಕರು.

ಆ ಮಂಡಿಗಳು ಈಗಲೂ ಇವೆ, ಕಷ್ಟವೂ ಇದೆ. ತೋತಾಪುರಿ ಕಾಯಿ ಹೆಚ್ಚಾಗಿ ಹೋಗೋದು ಚಿತ್ತೂರು ಕಡೆಯ ಪಲ್ಪ್ ಫ್ಯಾಕ್ಟರಿಗಳಿಗೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ಬಾಗಿಲು ಹಾಕಿತು. ಲಾರಿಗಳು ಗಡಿಯಲ್ಲಿ ನಿಂತವು, ಬೆಲೆ ಕುಸಿಯಿತು, ಶ್ರೀನಿವಾಸಪುರದಲ್ಲಿ ಬಂದ್ ಆಯ್ತು. ಸಿನಿಮಾಕ್ಕೆ, ಹಾಡಿಗೆ, ಪಪ್ಪುವಿಗೆ ಇಲ್ಲದ ಗಡಿ ಕಾಯಿಗೆ ಬಂತಲ್ಲಪ್ಪಾ ಅಂತ ನನಗೆ ಆ ಹಮಾಲಿ ನೆನಪಾದ.

ಮೂಡಲ ಬಾಗಿಲ ದೋಸೆ

ಕೊನೆಯ ಸೆಂಟರ್ ಮುಳಬಾಗಿಲು. ಇಲ್ಲಿಗೆ ರೈಲಿಲ್ಲ, ಬಸ್ಸೇ ಗತಿ. ಮೂಡಲ ಬಾಗಿಲು ಅನ್ನೋದೇ ಮುಳಬಾಗಿಲಾಯ್ತು ಅಂತಾರೆ. ನಾಡಿನ ಪೂರ್ವದ ಬಾಗಿಲು. ತಿರುಪತಿಗೆ ಹೋಗೋರು ಇಲ್ಲಿನ ಆಂಜನೇಯನಿಗೆ ಕೈ ಮುಗಿದು ಮುಂದೆ ಹೋಗ್ತಾರೆ. 1887ರಲ್ಲಿ ಡಿ.ವಿ.ಜಿ. ಹುಟ್ಟಿದ್ದು ಈ ಊರಲ್ಲೇ. ನಮ್ಮ ಸೌಂದರ್ಯ ಕೂಡ ಮುಳಬಾಗಿಲು ಕಡೆಯ ಹುಡುಗಿ! ಎರಡು ಭಾಷೆಯ ಗಡಿಯಿಂದ ಬಂದು, ಕನ್ನಡಕ್ಕೂ ತೆಲುಗಿಗೂ ಮನೆಮಗಳಾದಳು. ಅವಳೇ ನಿರ್ಮಿಸಿ ನಟಿಸಿದ 'ದ್ವೀಪ' 2002ರ ಸಾಲಿನ ಸ್ವರ್ಣಕಮಲ ತಂದಿತು. 2004ರ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ಹೋಗಿಬಿಟ್ಟಳು. 'ಆಪ್ತಮಿತ್ರ' ತೆರೆಗೆ ಬಂದಾಗ ಅವಳಿರಲಿಲ್ಲ. ಈ ಊರಲ್ಲಿ ಅವಳ ಹೆಸರೆತ್ತಿದರೆ ಜನ ಇವತ್ತಿಗೂ ಒಂದು ಗಳಿಗೆ ಸುಮ್ಮನಾಗ್ತಾರೆ.

ಇನ್ನು ದೋಸೆ. ಮುಳಬಾಗಿಲು ದೋಸೆ ಅಂತ ಈಗ ಬೆಂಗಳೂರಿನಲ್ಲೂ ಬೋರ್ಡು ನೋಡ್ತೀರಿ. ಆದರೆ ಅದರ ಮೂಲ ತಾಳ್ಮೆಯಲ್ಲಿದೆ. ನಾನು ಹೋಗ್ತಿದ್ದ ಹೋಟೆಲಿನಲ್ಲಿ ಸೌದೆ ಒಲೆ, ಅದರ ಮೇಲೆ ಕಪ್ಪಗೆ ಮಿಂಚೋ ಕಾವಲಿ. ಭಟ್ಟರಿಗೆ ಆತುರ ಅನ್ನೋ ಪದವೇ ಗೊತ್ತಿಲ್ಲ. ಹಿಟ್ಟನ್ನು ದಪ್ಪಗೆ ಹುಯ್ಯೋರು. ಅಂಚಿಗೆ ತುಪ್ಪ. ಉರಿ ಹೆಚ್ಚಾದರೆ ಒಂದು ಸೌದೆ ಹಿಂದಕ್ಕೆ, ಕಡಿಮೆಯಾದರೆ ಮುಂದಕ್ಕೆ. ತಳ ಹೊಂಬಣ್ಣಕ್ಕೆ ಬಂದು ಗರಿಯಾಗೋವರೆಗೆ, ಒಳಗೆ ಮೆತ್ತಗೆ ಬೇಯೋವರೆಗೆ, ಎಂ.ಎಲ್.ಎ. ಬಂದು ಕೂತರೂ ತೆಗೆಯೋ ಮಾತಿಲ್ಲ. ಮೇಲೆ ಆಲೂಗಡ್ಡೆ ಪಲ್ಯ, ಪಕ್ಕದಲ್ಲಿ ಚಟ್ನಿ.

ಒಂದು ಸಲ ಬೆಂಗಳೂರು ಬಸ್ಸು ಹಾರನ್ ಹೊಡೀತಾ ಇತ್ತು. ನಾನು, "ಸ್ವಾಮೀ, ಬೇಗ" ಅಂದೆ. ಅವರು ಕಾವಲಿಯಿಂದ ಕಣ್ಣು ತೆಗೀದೇ ಹೇಳಿದರು: "ಬಸ್ಸು ಇನ್ನೊಂದು ಬರುತ್ತೆ. ಈ ದೋಸೆ ಇದೊಂದೇ."

ಬಸ್ಸು ಹೋಯ್ತು. ದೋಸೆ ಬಂತು. ಮುರಿದರೆ ಅಂಚು ಚಟಪಟ, ಒಳಗೆ ಹತ್ತಿ. ಬಾಯಿಗಿಟ್ಟ ಮೇಲೆ ತುಪ್ಪ, ಖಾರ, ಸಣ್ಣ ಹುಳಿ, ಒಂದೊಂದಾಗಿ ಬರುತ್ತೆ. ಒಂದೂವರೆ ರೂಪಾಯಿ ದೋಸೆ. ಒಂದು ಮುಗಿಸಿ ಜೇಬು ಮುಟ್ಟಿ ನೋಡಿದೆ. ಎರಡನೆಯದಕ್ಕೂ ತಂಗಿಯ ನೋಟ್ ಪುಸ್ತಕಕ್ಕೂ ಮತ್ತೆ ಜಗಳ! ಯೋಚನೆ ಮಾಡಿ, ಇಬ್ಬರಿಗೂ ರಾಜಿ ಮಾಡಿಸಿದೆ. ಇನ್ನೊಂದು ದೋಸೆ ಹೇಳಿದೆ, ವಾರ ಪೂರ್ತಿ ಬೀಡಿ ಬಿಟ್ಟೆ. ಆ ತಿಂಗಳ ಮನಿಯಾರ್ಡರಿನಲ್ಲಿ ಒಂದು ಪೈಸೆಯೂ ಕಡಿಮೆಯಾಗಲಿಲ್ಲ.

ಇಷ್ಟು ವರ್ಷ ಆದ ಮೇಲೆ ದೊಡ್ಡ ದೊಡ್ಡ ಹೋಟೆಲಿನಲ್ಲಿ ಉಂಡಿದ್ದೀನಿ. ಬಿಲ್ಲು ಬೇರೆಯವರು ಕೊಟ್ಟ ಊಟಗಳೂ ಅದರಲ್ಲಿವೆ. ಏನು ತಿಂದೆ ಅಂತ ಒಂದೂ ನೆನಪಿಲ್ಲ. ಮಾಲೂರಿನ ಮುದ್ದೆ, ಆ ತಾಯಿಯ ಬೇಳೆಸಾರು, ಮಂಡಿಯ ಪಪ್ಪು, ಮುಳಬಾಗಿಲಿನ ದೋಸೆ ಮಾತ್ರ ಕೇಳಿದ ಕೂಡಲೇ ನಾಲಿಗೆಗೆ ಬರುತ್ತೆ. ಕೂಲಿಯವರು, ಹಮಾಲಿಗಳು ತಮಗಾಗಿ ಮಾಡ್ಕೊಂಡ ಊಟದಲ್ಲಿ ನನಗೂ ಒಂದು ಎಲೆ ಹಾಕಿದರು. ಬದಲಿಗೆ ನನ್ನಿಂದ ಯಾವ ಸಹಿಯನ್ನೂ ಕೇಳಲಿಲ್ಲ.

ನಿಮ್ಮಲ್ಲೂ ಎಷ್ಟೋ ಜನ ಕೆಲಸದ ಮೇಲೆ ಊರೂರು ಸುತ್ತೋರಿದ್ದೀರಿ. ಮೆಡಿಕಲ್ ರೆಪ್, ಲಾರಿ ಕ್ಲೀನರ್, ಫೈನಾನ್ಸ್ ಕಂಪನಿ ಹುಡುಗರು. ಕೋಲಾರದ ಕಡೆ ಹೋದರೆ ಚಳಿಯಲ್ಲಿ ಅವರೆ, ಬೇಸಿಗೆಯಲ್ಲಿ ಮಾವು, ಮಿಕ್ಕ ದಿನ ಮುದ್ದೆ. ಮುಳಬಾಗಿಲಿನಲ್ಲಿ ಮಾತ್ರ ಒಂದು ಬಸ್ಸು ಬಿಡೋಕೆ ತಯಾರಾಗಿ ಹೋಗಿ. ನಿಮ್ಮ ಬತ್ತಾದಲ್ಲಿ ತಿನ್ನಿ, ಹೊಟ್ಟೆ ತುಂಬ ತಿನ್ನಿ. ರಾತ್ರಿ ಯಾವ ಕೋಳಿಯೂ ಕೂಗಲ್ಲ, ಒಳ್ಳೇ ನಿದ್ದೆ ಗ್ಯಾರಂಟಿ!